ಬಿಸಿಲಿಗೆ ಉಕ್ಕುವ ಹೊಳೆ: ಭಾಗೀರಥಿಯ ಕಣಿವೆ ಮತ್ತು ಬಯಲುಸೀಮೆಯ ಆಸೆ

ಮೇ ತಿಂಗಳ ಕೊನೆ. ಮುಂಗಾರು ಇನ್ನೂ ಕಾಲಿಟ್ಟಿಲ್ಲ. ಗೌರಿಬಿದನೂರಿನ ಸೇತುವೆಯ ಕೆಳಗೆ ಉತ್ತರ ಪಿನಾಕಿನಿ ಇರಬೇಕಾದ ಜಾಗದಲ್ಲಿ ಜಾಲಿ ಪೊದೆ, ಮರಳು ಬಗೆದ ಗುಂಡಿ, ಒಂದಿಷ್ಟು ಪ್ಲಾಸ್ಟಿಕ್. ಅದೇ ಹೊತ್ತಿನಲ್ಲಿ ಉತ್ತರಾಖಂಡದ ಗಂಗೋತ್ರಿಯಲ್ಲಿ ಭಾಗೀರಥಿ ದಿನದಿಂದ ದಿನಕ್ಕೆ ಏರುತ್ತಿರುತ್ತದೆ. ಅಲ್ಲೂ ಮಳೆ ಶುರುವಾಗಿರುವುದಿಲ್ಲ. ಆಕಾಶ ಶುಭ್ರವಾಗಿದ್ದಷ್ಟೂ, ಬಿಸಿಲು ಕಾದಷ್ಟೂ ಆ ಹೊಳೆಗೆ ನೀರು ಹೆಚ್ಚು.

ಚಾರ್‌ಧಾಮ್ ಯಾತ್ರೆ ಮುಗಿಸಿ ಬಂದ ಚಿಕ್ಕಬಳ್ಳಾಪುರ, ಕೋಲಾರದ ಕಡೆಯವರ ಬಾಯಲ್ಲಿ ಮೊದಲು ಬರುವುದು ದೇವಸ್ಥಾನದ ಮಾತಲ್ಲ, ನೀರಿನ ಮಾತು. "ಬೇಸಿಗೆಯಲ್ಲೂ ಹಂಗೆ ಭೋರ್ಗರೀತದೆ ಸಾರ್. ಅದರಲ್ಲಿ ಒಂದು ಪಾಲು ನಮ್ಮ ಕಡೆ ತಿರುಗಿಸಿದ್ರೆ ಆಗಲ್ವಾ?" ಈ ಆಸೆಗೆ ದೆಹಲಿಯ ಕಡತಗಳಲ್ಲೂ ಜಾಗ ಸಿಕ್ಕಿದೆ. ಕೇಂದ್ರ ಸಚಿವರಾಗಿದ್ದ ಎಂಜಿನಿಯರ್ ಕೆ.ಎಲ್. ರಾವ್ 1972ರಲ್ಲಿ ಪಟ್ನಾ ಬಳಿಯಿಂದ ನೀರೆತ್ತಿ 2,640 ಕಿ.ಮೀ. ದೂರ ಕಾವೇರಿಯವರೆಗೆ ತರುವ ಗಂಗಾ–ಕಾವೇರಿ ಜೋಡಣೆಯನ್ನು ಮುಂದಿಟ್ಟಿದ್ದರು. ಖರ್ಚು, ವಿದ್ಯುತ್ ಎರಡೂ ಮಿತಿಮೀರುತ್ತವೆಂದು ಆ ಯೋಜನೆ ಮೂಲೆ ಸೇರಿತು. ಆಸೆ ಮಾತ್ರ ಬಯಲುಸೀಮೆಯ ಚುನಾವಣಾ ಭಾಷಣಗಳಲ್ಲಿ ಇಂದಿಗೂ ಓಡಾಡಿಕೊಂಡಿದೆ.

ಆಸೆಯ ಬುಡದಲ್ಲಿರುವುದು ಒಂದು ನಂಬಿಕೆ: ಹಿಮದಿಂದ ಹುಟ್ಟಿದ ಹೊಳೆ ಬತ್ತುವುದಿಲ್ಲ. ಇದರಲ್ಲಿ ಅರ್ಧ ನಿಜ. ಉಳಿದರ್ಧವನ್ನು ನೋಡಬೇಕಾದರೆ ಆ ಹೊಳೆಯ ಜತೆಗೇ ಮೇಲಿನಿಂದ ಕೆಳಗೆ ಇಳಿದು ಬರಬೇಕು.

ಗೋಮುಖದ ಗಡಿಯಾರ

ಗೋಮುಖ ಇರುವುದು ಸಮುದ್ರ ಮಟ್ಟದಿಂದ ಸುಮಾರು 4,000 ಮೀಟರ್ ಎತ್ತರದಲ್ಲಿ. ಗಂಗೋತ್ರಿ ಹಿಮನದಿ ಕೊನೆಗೊಂಡು ಭಾಗೀರಥಿ ಹೊರಬೀಳುವುದು ಅಲ್ಲೇ. ಚೌಖಂಬಾ ಶಿಖರಗಳ ಬುಡದಿಂದ ಹೊರಡುವ ಈ ಹಿಮನದಿಯ ಉದ್ದ ಸುಮಾರು 30 ಕಿ.ಮೀ., ಅಗಲ ಅರ್ಧ ಕಿ.ಮೀ.ನಿಂದ ಎರಡೂವರೆ ಕಿ.ಮೀ. ಚಿಕ್ಕಬಳ್ಳಾಪುರದಿಂದ ಗೌರಿಬಿದನೂರು ತಲುಪುವುದಕ್ಕೆ ಸ್ವಲ್ಪ ಕಡಿಮೆ ಎನ್ನುವಷ್ಟು ದೂರ ಬರೀ ಮಂಜುಗಡ್ಡೆ. ರಕ್ತವರ್ಣ, ಚತುರಂಗಿ, ಕೀರ್ತಿ ಎಂಬ ಪಕ್ಕದ ಹಿಮನದಿಗಳು ಇದೇ ಕಣಿವೆಗೆ ಬಾಯಿ ತೆರೆದಿವೆ.

ಬೆಳ್ಳಗೆ ಹೊಳೆಯುವ ಹಿಮದ ಗುಡ್ಡೆಯನ್ನು ಕಾಣುತ್ತೇವೆಂದು ಹೋದವರಿಗೆ ಅಲ್ಲಿ ಎದುರಾಗುವುದು ಜಲ್ಲಿಕಲ್ಲಿನ ಕ್ವಾರಿಯಂಥ ಬೂದು ರಾಶಿ. ಎರಡೂ ಬದಿಯ ಬೆಟ್ಟದಿಂದ ಉದುರಿದ ಕಲ್ಲುಮಣ್ಣು ಮಂಜುಗಡ್ಡೆಯ ಮೇಲೆ ಕೂತಿರುತ್ತದೆ. ಈ ಹೊದಿಕೆ ನೋಡಲು ಚೆನ್ನಾಗಿಲ್ಲ, ನಿಜ. ಆದರೆ ಹಿಮನದಿಯ ಆಯುಷ್ಯ ಬಹುಮಟ್ಟಿಗೆ ಅದರ ಮೇಲೇ ನಿಂತಿದೆ. ತೆಳುವಾಗಿ ಧೂಳು, ಮಸಿ ಕೂತರೆ ಅದು ಬಿಸಿಲನ್ನು ಹೀರಿ ಮಂಜನ್ನು ಬೇಗ ಕರಗಿಸುತ್ತದೆ. ಕೆಲವು ಸೆಂಟಿಮೀಟರಿಗಿಂತ ದಪ್ಪವಾಗಿ ಕಲ್ಲು ಕೂತರೆ ಶಾಖ ಒಳಗಿಳಿಯದೆ ಕರಗುವಿಕೆ ನಿಧಾನವಾಗುತ್ತದೆ. ಅಕ್ಕಪಕ್ಕದ ಎರಡು ಹಿಮನದಿಗಳು ಒಂದೇ ಬಿಸಿಲಿನಲ್ಲಿ ಬೇರೆ ಬೇರೆ ವೇಗದಲ್ಲಿ ಸವೆಯುವುದಕ್ಕೆ ಇದೂ ಒಂದು ಕಾರಣ.

ಕರಗಿದ ನೀರು ಮೇಲ್ಮೈಯಲ್ಲೇ ಹರಿದುಬಿಡುವುದಿಲ್ಲ. ಮಂಜಿನ ಬಿರುಕುಗಳಲ್ಲಿ, ಕೊಳವೆಯಂಥ ತೂತುಗಳಲ್ಲಿ ಇಳಿದು ತಳ ಸೇರುತ್ತದೆ. ಮಂಜಿಗೂ ಬಂಡೆಗೂ ನಡುವೆ ದಾರಿ ಮಾಡಿಕೊಂಡು ಮೂತಿಯ ಗವಿಯಿಂದ ಆಚೆ ಬರುತ್ತದೆ. ಹಾಗಾಗಿ ಬಿಸಿಲು ಬಿದ್ದ ಹೊತ್ತಿಗೂ ಹೊಳೆ ಏರುವ ಹೊತ್ತಿಗೂ ಗಂಟೆಗಳ ಅಂತರ. ಮುಂಜಾನೆ ಹರಿವು ಅತಿ ಕಡಿಮೆ, ಮಧ್ಯಾಹ್ನ ಇಳಿದು ಸಂಜೆಯಾಗುವ ಹೊತ್ತಿಗೆ ಅತಿ ಹೆಚ್ಚು. ಮೇಲಿನ ಕಣಿವೆಯಲ್ಲಿ ಅಡ್ಡ ಬರುವ ತೊರೆಗಳನ್ನು ಬೆಳಗ್ಗೆಯೇ ದಾಟಿಬಿಡಿ ಎಂದು ಅಲ್ಲಿನ ದಾರಿ ತೋರಿಸುವವರು ಗದರುವುದು ಇದಕ್ಕೇ. ಬೆಳಗ್ಗೆ ಮೊಣಕಾಲುದ್ದ ಇದ್ದ ನೀರು ಸಂಜೆಗೆ ಸೊಂಟ ಮುಟ್ಟಬಹುದು, ಒಂದು ಹನಿ ಮಳೆಯೂ ಬೀಳದೆ. ಬೇಸಿಗೆ ಮುಂದುವರಿದಂತೆ ಮಂಜಿನ ತಳದ ದಾರಿಗಳು ಅಗಲವಾಗುತ್ತವೆ, ನೀರು ಬೇಗ ಹೊರಬರುತ್ತದೆ, ಏರಿಳಿತ ಇನ್ನೂ ಚೂಪಾಗುತ್ತದೆ.

ವರ್ಷದ ಲೆಕ್ಕವೂ ಹೀಗೆಯೇ. ಚಳಿಗಾಲದಲ್ಲಿ ಭಾಗೀರಥಿ ಸಣಕಲು. ಏಪ್ರಿಲ್‌ನಿಂದ ಜೂನ್‌ವರೆಗೆ ಆ ವರ್ಷವೇ ಬಿದ್ದ ಹಿಮ ಕರಗುತ್ತದೆ. ಆ ಹೊದಿಕೆ ಸರಿದ ಮೇಲೆ, ಜುಲೈಯಿಂದ ಸೆಪ್ಟೆಂಬರ್‌ವರೆಗೆ, ಹಳೆಯ ಮಂಜುಗಡ್ಡೆ ಬಿಸಿಲಿಗೆ ಮೈಯೊಡ್ಡುತ್ತದೆ. ಅಷ್ಟರಲ್ಲಿ ಮುಂಗಾರು ಮಳೆಯೂ ಸೇರಿಕೊಂಡಿರುತ್ತದೆ. ಗೋಮುಖದಿಂದ ಸ್ವಲ್ಪ ಕೆಳಗಿರುವ ಭೋಜ್‌ಬಾಸಾದಲ್ಲಿ ರೂರ್ಕಿಯ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಯವರು ಕರಗುವ ಕಾಲದ ಹರಿವನ್ನು ವರ್ಷಗಳಿಂದ ಅಳೆಯುತ್ತಾ ಬಂದಿದ್ದಾರೆ. ಅದಕ್ಕೇ ಈ ಕಣಿವೆಯ ವಿಷಯದಲ್ಲಿ ಇಷ್ಟಾದರೂ ಖಚಿತವಾಗಿ ಮಾತಾಡಲು ಸಾಧ್ಯ. ಹಿಮಾಲಯದ ಬಹುಪಾಲು ಹಿಮನದಿಗಳಿಗೆ ಆ ಭಾಗ್ಯವಿಲ್ಲ.

ಇಲ್ಲಿ ಬಯಲುಸೀಮೆಯವರು ಗಮನಿಸಬೇಕಾದದ್ದೊಂದಿದೆ. ಮಳೆ ಕೈಕೊಟ್ಟ ವರ್ಷ ನಂದಿ ಸಾಲಿನ ಹೊಳೆಗಳು ಮೊದಲು ಬತ್ತುತ್ತವೆ. ಹಿಮದ ಹೊಳೆಯದು ಇದಕ್ಕೆ ತಿರುಗು ಲೆಕ್ಕ. ಮೋಡವಿಲ್ಲದ, ಹಿಮ ಕಡಿಮೆ ಬಿದ್ದ, ಕಾದ ವರ್ಷದಲ್ಲೇ ಹಿಮನದಿ ಹೆಚ್ಚು ನೀರು ಕೊಡುತ್ತದೆ. ಬರಗಾಲದ ಕೊರತೆಯನ್ನು ಅದು ತನ್ನ ಮೈಯಿಂದ ತುಂಬಿಕೊಡುತ್ತದೆ. ಹಿಮನದಿಯ ಬೆಲೆ ಇರುವುದು ಅದು ಕೊಡುವ ಒಟ್ಟು ನೀರಿನಲ್ಲಿ ಅಲ್ಲ, ಯಾವಾಗ ಕೊಡುತ್ತದೆ ಎಂಬುದರಲ್ಲಿ.

ಇಳಿಜಾರು

ಗೋಮುಖದಿಂದ ಗಂಗೋತ್ರಿಗೆ 18 ಕಿ.ಮೀ. ನಡಿಗೆ. ಅಷ್ಟರಲ್ಲಿ ಹೊಳೆ ಸುಮಾರು 900 ಮೀಟರ್ ಕೆಳಗಿಳಿದಿರುತ್ತದೆ. ಅಲ್ಲಿಂದ ಮುಂದೆ ಹರ್ಸಿಲ್ ಮುಟ್ಟುವ ಹೊತ್ತಿಗೆ ಅದರ ಎತ್ತರ 2,600 ಮೀಟರ್ ಆಸುಪಾಸು. ನಂದಿಬೆಟ್ಟದ ತುದಿ ಸಮುದ್ರ ಮಟ್ಟದಿಂದ 1,478 ಮೀಟರ್. ಆ ಬೆಟ್ಟಸಾಲಿನಲ್ಲಿ ಹುಟ್ಟಿದ ಉತ್ತರ ಪಿನಾಕಿನಿ ಸುಮಾರು 600 ಕಿ.ಮೀ. ಅಲೆದು ನೆಲ್ಲೂರಿನ ಬಳಿ ಕಡಲು ಸೇರುವಷ್ಟರಲ್ಲಿ ಇಳಿಯುವ ಎತ್ತರವನ್ನೆಲ್ಲ ಭಾಗೀರಥಿ ಐವತ್ತು ಕಿ.ಮೀ. ಒಳಗೇ ಇಳಿದು ಮುಗಿಸಿರುತ್ತದೆ. ಕಲ್ಲು ಉರುಳಿಸುವ, ದಂಡೆ ಕೊರೆಯುವ, ಟರ್ಬೈನ್ ತಿರುಗಿಸುವ ಶಕ್ತಿ ಬರುವುದು ಈ ಇಳಿತದಿಂದ.

ಭೋಜ್‌ಬಾಸಾದ ಸುತ್ತ ಭೂರ್ಜ ಮರಗಳ ಕೊನೆಯ ಗುಂಪುಗಳಿವೆ; ಅದಕ್ಕೂ ಕೆಳಗೆ ಚೀರ್‌ಬಾಸಾದಲ್ಲಿ ಪೈನ್. ಹೊಳೆಯ ಎರಡೂ ಬದಿಗೆ ಉದ್ದಕ್ಕೂ ಎದ್ದು ನಿಂತ ಕಲ್ಲುಮಣ್ಣಿನ ದಿಬ್ಬಗಳು ಕಾಣುತ್ತವೆ. ಹಿಂದೊಂದು ಕಾಲಕ್ಕೆ ಹಿಮನದಿ ಇಲ್ಲಿಯವರೆಗೂ ಚಾಚಿಕೊಂಡಿದ್ದಾಗ ತನ್ನ ಬದಿಗೆ ಒಟ್ಟಿ ಹೋದ ರಾಶಿಗಳವು. ಅಂಟು ಹಿಡಿಯದ ಮಣ್ಣು, ದುಂಡು ಚೂಪು ಎನ್ನದೆ ಎಲ್ಲ ಗಾತ್ರದ ಕಲ್ಲು. ಜೋರು ಮಳೆ ಬಂದರೆ ಹೊಳೆಗೆ ಬಿಟ್ಟಿ ಸಾಮಗ್ರಿ. ಸಮತಟ್ಟಾದ ಅಗಲ ತಳ, ಎರಡೂ ಪಕ್ಕ ಗೋಡೆಯಂತೆ ನೆಟ್ಟಗೆ ನಿಂತ ಬೆಟ್ಟ, ಇದು ಮಂಜುಗಡ್ಡೆ ಕಡೆದ ಕಣಿವೆಯ ರೂಪ. ನೀರು ಮಾತ್ರ ಕಡೆದ ಕಣಿವೆ ತಳದಲ್ಲಿ ಹೀಗೆ ಅಗಲವಾಗಿರುವುದಿಲ್ಲ, ಕಿರಿದಾಗಿ ಕೊರೆದಿರುತ್ತದೆ.

ಗಂಗೋತ್ರಿಯಲ್ಲಿ ಅಂಥ ಜಾಗ ಕಣ್ಣಿಗೇ ಕಾಣುತ್ತದೆ. ಕೇದಾರಗಂಗೆ ಬಂದು ಸೇರುವ ಆಸುಪಾಸಿನಲ್ಲೇ ಹೊಳೆ ಗ್ರಾನೈಟ್ ಬಂಡೆಯೊಳಗೆ ಕಿರಿದಾದ ಸೀಳು ಹಾಕಿಕೊಂಡು ಸೂರ್ಯಕುಂಡದಲ್ಲಿ ಧುಮುಕುತ್ತದೆ. ನಮ್ಮದೂ ಕಲ್ಲುಬಂಡೆಯ ಸೀಮೆಯೇ. ಆದರೆ ಇಲ್ಲಿಯ ಬಂಡೆಯನ್ನು ಡೈನಮೈಟ್ ಒಡೆಯುತ್ತಿದೆ, ಅಲ್ಲಿಯದನ್ನು ನೀರೇ ಕೊರೆದಿದೆ. ನೀರಿಗೆ ಆ ಕಸುವು ಕೊಟ್ಟಿರುವುದು ಅದರಲ್ಲಿ ಬೆರೆತ ಮರಳು ಮತ್ತು ನುಣ್ಣನೆಯ ಬಂಡೆಹಿಟ್ಟು. ಹಿಮನದಿ ತನ್ನ ಭಾರದಲ್ಲಿ ತಳದ ಬಂಡೆಯನ್ನು ಉಜ್ಜಿ ಉಜ್ಜಿ ಮಾಡಿದ ಪುಡಿ ಅದು. ಬೇಸಿಗೆಯಲ್ಲಿ ಭಾಗೀರಥಿ ಬೂದು ಬಣ್ಣಕ್ಕೆ ತಿರುಗುವುದೂ ಇದರಿಂದಲೇ. ಯಾತ್ರಿಕರು ತಾಮ್ರದ ಗಿಂಡಿಗೆ ತುಂಬಿ ತರುವ ಗಂಗೆಯನ್ನು ಕೆಲವು ದಿನ ಅಲುಗಿಸದೆ ಇಟ್ಟು ಗಾಜಿನ ಲೋಟಕ್ಕೆ ಬಗ್ಗಿಸಿ ನೋಡಿದರೆ ತಳದಲ್ಲಿ ಹಿಮಾಲಯದ ಒಂದಿಷ್ಟು ಪುಡಿ ಸಿಕ್ಕೀತು. ಭಕ್ತಿಗೆ ಅದರಿಂದ ತೊಂದರೆಯಿಲ್ಲ. ವಿದ್ಯುತ್ ನಿಗಮಗಳಿಗೆ ಮಾತ್ರ ದೊಡ್ಡ ತಲೆನೋವು. ಉತ್ತರಕಾಶಿ ಬಳಿಯ ಮನೇರಿ ಭಾಲಿಯಂಥ ಯೋಜನೆಗಳಲ್ಲಿ ಈ ಪುಡಿ ಟರ್ಬೈನಿನ ಅಲಗುಗಳನ್ನು ಸವೆಸುತ್ತದೆ.

ಭೈರೋಂಘಾಟಿಯಲ್ಲಿ ಟಿಬೆಟ್ ಗಡಿಯ ನೇಲಾಂಗ್ ಕಡೆಯಿಂದ ಬರುವ ಜಾಡ್ ಗಂಗಾ ಆಳವಾದ ಕೊಳ್ಳದಲ್ಲಿ ಬಂದು ಸೇರುತ್ತದೆ. ಅಲ್ಲಿಂದ ಸ್ವಲ್ಪ ಕೆಳಗೆ ಬಂದರೆ ಕಣಿವೆ ಇದ್ದಕ್ಕಿದ್ದಂತೆ ತೆರೆದುಕೊಳ್ಳುತ್ತದೆ. ಇದು ಹರ್ಸಿಲ್. ಹೊಳೆ ಹಲವು ಕವಲಾಗಿ, ಮರಳುದಿಣ್ಣೆಗಳ ನಡುವೆ ಅಡ್ಡಾದಿಡ್ಡಿ ಹರಿಯುತ್ತದೆ. ದೇವದಾರು ಕಾಡು, ಸೇಬಿನ ತೋಟ, ರಾಜ್ಮಾ ಹೊಲ. ಇಲ್ಲಿಗೆ ಸೇಬು ತಂದವನು ಹತ್ತೊಂಬತ್ತನೇ ಶತಮಾನದ ಫ್ರೆಡರಿಕ್ ವಿಲ್ಸನ್ ಎಂಬ ಇಂಗ್ಲಿಷಿನವನು. ರೈಲ್ವೆ ಹಳಿಯ ದಿಮ್ಮಿಗಾಗಿ ಇದೇ ದೇವದಾರುಗಳನ್ನು ಕಡಿದು ಭಾಗೀರಥಿಯಲ್ಲಿ ತೇಲಿಬಿಟ್ಟು ಹಣ ಮಾಡಿದವನೂ ಅವನೇ.

ಧರಾಲಿ

ಹರ್ಸಿಲ್ ಕಣಿವೆಯ ಊರುಗಳು ಎಲ್ಲಿ ಕಟ್ಟಿಕೊಂಡಿವೆ ನೋಡಿ. ಮುಖ್ಯ ಕಣಿವೆಯನ್ನು ದೊಡ್ಡ ಹಿಮನದಿ ಆಳಕ್ಕೆ ಕೊರೆಯಿತು. ಪಕ್ಕದ ಸಣ್ಣ ಕಣಿವೆಗಳಿಗೆ ಅಷ್ಟು ಆಳ ಸಿಗಲಿಲ್ಲ. ಹಾಗಾಗಿ ಪಕ್ಕದ ತೊರೆಗಳು ಎತ್ತರದಲ್ಲಿ ನೇತುಬಿದ್ದಂತಿದ್ದು ಕಡಿದಾಗಿ ಕೆಳಗೆ ಬೀಳುತ್ತವೆ. ಹೊತ್ತು ತಂದ ಕಲ್ಲುಮಣ್ಣನ್ನು ಮುಖ್ಯ ಕಣಿವೆಯ ಅಂಚಿನಲ್ಲಿ ಬೀಸಣಿಗೆಯ ಆಕಾರದಲ್ಲಿ ಹರಡುತ್ತವೆ. ಆ ಕಡಿದಾದ ಕಣಿವೆಯಲ್ಲಿ ತಟ್ಟಾದ, ನೀರಿರುವ, ಬಿಸಿಲು ಬೀಳುವ ಜಾಗ ಅಂದರೆ ಈ ಬೀಸಣಿಗೆಯೇ. ಊರು, ತೋಟ, ರಸ್ತೆ, ಈಚೆಗೆ ಹೋಟೆಲ್, ಹೋಂಸ್ಟೇ, ಎಲ್ಲವೂ ಅಲ್ಲೇ ಬಂದು ಕೂತವು. ಬೀಸಣಿಗೆ ಕಟ್ಟಿದ ತೊರೆ ಎಂದಾದರೂ ಮತ್ತೆ ಬಂದು ಅದರ ಮೇಲೆ ಹೊಸ ಪದರ ಹಾಸುತ್ತದೆ ಎಂಬುದು ಭೂವಿಜ್ಞಾನದ ಮೊದಲ ಪಾಠಗಳಲ್ಲೊಂದು.

2025ರ ಆಗಸ್ಟ್ 5ರ ಮಧ್ಯಾಹ್ನ ಖೀರ್ ಗಂಗಾ ಎಂಬ ಪಕ್ಕದ ತೊರೆ ಧರಾಲಿಯ ಮೇಲೆ ಹಾಸಿದ್ದು ಅಂಥ ಪದರ. ಎದುರು ದಂಡೆಯವರು ಚಿತ್ರೀಕರಿಸಿದ ವಿಡಿಯೊಗಳನ್ನು ದೇಶವೆಲ್ಲ ನೋಡಿದೆ. ನೀರಿಗಿಂತ ಹೆಚ್ಚಾಗಿ ಕೆಸರು ಮತ್ತು ಬಂಡೆ, ಅರೆ ನಿಮಿಷದಲ್ಲಿ ಮಹಡಿ ಮನೆಗಳು ಇಲ್ಲವಾದವು. ಹರ್ಸಿಲ್‌ನ ಸೇನಾ ಶಿಬಿರಕ್ಕೂ ಅದೇ ದಿನ ಪ್ರವಾಹ ನುಗ್ಗಿತು, ರಾಶಿ ಬಿದ್ದ ಕಲ್ಲುಮಣ್ಣಿಗೆ ಭಾಗೀರಥಿ ತಡೆದು ಕೆರೆಯಂತೆ ನಿಂತಿತು. ಧರಾಲಿಯಲ್ಲಿ ಕಲ್ಪ ಕೇದಾರ ಎಂಬ ಹಳೆಯ ಶಿವಾಲಯವಿತ್ತು. ಹಿಂದಿನ ಯಾವುದೋ ಪ್ರವಾಹದ ಹೂಳಿನಲ್ಲಿ ಬಹುಭಾಗ ಹುದುಗಿಹೋಗಿದ್ದು, ನೆಲಮಟ್ಟಕ್ಕಿಂತ ಕೆಳಗೆ ಇಳಿದು ದರ್ಶನ ಮಾಡಬೇಕಿದ್ದ ಗುಡಿ. ಈ ಸಲ ಪೂರ್ತಿ ಮುಚ್ಚಿಹೋಯಿತು. ಈ ಜಾಗಕ್ಕೆ ಹೂಳು ಬರುತ್ತದೆ ಎನ್ನುವುದಕ್ಕೆ ಊರಿನ ನಡುವೆಯೇ ಅಷ್ಟು ದೊಡ್ಡ ಸಾಕ್ಷಿ ಇತ್ತು.

ಅಂದು ಸಂಜೆಯೇ ಎಲ್ಲ ಕಡೆ ಓಡಾಡಿದ ಪದ "ಮೇಘಸ್ಫೋಟ". ಆದರೆ ಹರ್ಸಿಲ್‌ನ ಮಾಪಕದಲ್ಲಿ ಆ ದಿನ ದಾಖಲಾದದ್ದು ಕೆಲವೇ ಮಿಲಿಮೀಟರ್ ಮಳೆ. ಮೇಘಸ್ಫೋಟ ಎನ್ನಬೇಕಾದರೆ ಒಂದು ಗಂಟೆಯಲ್ಲಿ 100 ಮಿ.ಮೀ. ಸುರಿಯಬೇಕು. ಮಾಪಕಗಳು ಕಣಿವೆಯ ತಳದಲ್ಲಿವೆ, ತೊರೆ ಹುಟ್ಟುವುದು ಅದಕ್ಕಿಂತ ಎಷ್ಟೋ ಮೇಲೆ, ಹಾಗಾಗಿ ಮೇಲೆ ಏನು ಸುರಿಯಿತೆಂದು ತಳದ ಮಾಪಕ ಹೇಳಲಾರದು, ಒಪ್ಪೋಣ. ಆದರೂ ಖೀರ್ ಗಂಗೆಯ ನೆತ್ತಿಯಲ್ಲಿ ಹಿಮನದಿಯಿದೆ, ಅದು ಬಿಟ್ಟುಹೋದ ಸಡಿಲ ದಿಬ್ಬಗಳಿವೆ. ಆ ರಾಶಿ ಜಾರದೆ ಇಷ್ಟು ಕಲ್ಲುಮಣ್ಣು ಒಮ್ಮೆಗೇ ಕೆಳಗೆ ಬರುವುದಿಲ್ಲ. ನನ್ನ ಅನುಮಾನ ಇಷ್ಟೆ: "ಮೇಘಸ್ಫೋಟ" ಎಂದರೆ ಯಾರೂ ಹೊಣೆಯಲ್ಲ, ಆಕಾಶ ಹೊಣೆ. ಆ ಪದ ಆಡಳಿತಕ್ಕೆ ಹಿಡಿಸುವುದು ಅದಕ್ಕೇ.

ಹಿಂದಿನ ದುರಂತಗಳಿಗೆ ಒಂದೊಂದಕ್ಕೆ ಒಂದೊಂದು ಕಾರಣ. 2013ರ ಜೂನ್‌ನಲ್ಲಿ ಕೇದಾರನಾಥದ ಮೇಲೆ ಒಡೆದದ್ದು ಚೋರಾಬಾರಿ ಹಿಮನದಿಯ ಪಕ್ಕದ ಕೆರೆ. ಅದಕ್ಕೆ ಮೊದಲು ದಿನಗಟ್ಟಲೆ ಮಳೆ ಸುರಿದಿತ್ತು. 2021ರ ಫೆಬ್ರವರಿ 7ರಂದು ಚಮೋಲಿಯಲ್ಲಿ ಮಳೆಯೂ ಇರಲಿಲ್ಲ, ಕೆರೆಯೂ ಇರಲಿಲ್ಲ. ರೋಂಟಿ ಶಿಖರದ ಒಂದು ಮಗ್ಗುಲು ಬಂಡೆ ಮತ್ತು ಮಂಜಿನ ಸಮೇತ ಕಳಚಿ ಬಿತ್ತು. ರಿಷಿಗಂಗಾ, ಧೌಲಿಗಂಗಾ ಕಣಿವೆಗಳ ವಿದ್ಯುತ್ ಯೋಜನೆಗಳು ಕೊಚ್ಚಿಹೋಗಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. 2023ರ ಅಕ್ಟೋಬರ್‌ನಲ್ಲಿ ಸಿಕ್ಕಿಂನ ದಕ್ಷಿಣ ಲೋನಕ್ ಹಿಮಕೆರೆ ಒಡೆದು, ಚುಂಗ್‌ಥಾಂಗ್‌ನಲ್ಲಿ ತೀಸ್ತಾ-3 ಅಣೆಕಟ್ಟನ್ನೇ ಒಯ್ಯಿತು. ಕೆರೆ ಒಡೆಯುವುದಕ್ಕೆ ಒಂದು ಬಗೆಯ ಎಚ್ಚರಿಕೆ ವ್ಯವಸ್ಥೆ ಬೇಕು, ಬೆಟ್ಟ ಕಳಚುವುದಕ್ಕೆ ಇನ್ನೊಂದು, ಪಕ್ಕದ ತೊರೆಯ ಹೂಳಿಗೆ ಮತ್ತೊಂದು. ಎಲ್ಲವನ್ನೂ ಒಂದೇ ಹೆಸರಿನಲ್ಲಿ ಕರೆದರೆ ಯಾವುದಕ್ಕೂ ಸಿದ್ಧತೆ ಆಗುವುದಿಲ್ಲ.

ಕಾನೂನು ಇಲ್ಲವೆಂದಲ್ಲ. ಗೋಮುಖದಿಂದ ಉತ್ತರಕಾಶಿವರೆಗಿನ ಸುಮಾರು 100 ಕಿ.ಮೀ. ಕಣಿವೆಯನ್ನು 2012ರ ಡಿಸೆಂಬರ್‌ನಲ್ಲಿ ಪರಿಸರ ಸೂಕ್ಷ್ಮ ವಲಯವೆಂದು ಘೋಷಿಸಲಾಗಿದೆ. ಅದಕ್ಕೂ ಮೊದಲು, 2010ರಲ್ಲಿ, ಕೆಲಸ ಶುರುವಾಗಿದ್ದ ಲೋಹಾರಿನಾಗ್ ಪಾಲಾ ವಿದ್ಯುತ್ ಯೋಜನೆಯನ್ನೇ ಕೇಂದ್ರ ಸರ್ಕಾರ ಕೈಬಿಟ್ಟಿತು. ಇನ್ನೊಂದು ಕಡೆ ಚಾರ್‌ಧಾಮ್ ರಸ್ತೆ ಅಗಲೀಕರಣ. 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಗಡಿ ರಕ್ಷಣೆಯ ಅಗತ್ಯವನ್ನು ಒಪ್ಪಿ ಅಗಲ ರಸ್ತೆಗೆ ಅನುಮತಿ ನೀಡಿತು. ಸೇನೆಯ ಅಗತ್ಯ ಸುಳ್ಳಲ್ಲ. ಆದರೆ ಸಡಿಲ ಇಳಿಜಾರಿನ ಬುಡ ಕಡಿದು ಮಾಡಿದ ರಸ್ತೆ ಪ್ರತಿ ಮಳೆಗಾಲದಲ್ಲಿ ಮುಚ್ಚಿಕೊಂಡರೆ ಸೇನೆಯ ಲಾರಿಯೂ ಅಲ್ಲೇ ನಿಲ್ಲಬೇಕಾಗುತ್ತದೆ. ನಾವೂ ಮೂಗು ಮುರಿಯುವ ಹಾಗಿಲ್ಲ. 2021ರ ನವೆಂಬರ್‌ನಲ್ಲಿ ನಮ್ಮ ಜಿಲ್ಲೆಗಳ ಕೆರೆಗಳು ಸಾಲು ಸಾಲಾಗಿ ಕೋಡಿ ಬಿದ್ದಾಗ ನೀರು ಹಳೆಯ ರಾಜಕಾಲುವೆಯ ಜಾಡನ್ನೇ ಹುಡುಕಿಕೊಂಡು ಹೋಗಿ, ಅದರ ಮೇಲೆ ಎದ್ದಿದ್ದ ಬಡಾವಣೆಗಳಿಗೆ ನುಗ್ಗಿತ್ತು.

ಏರುವ ನೀರಿನ ಮೋಸ

ಇನ್ನು ಮೊದಲಿನ ನಂಬಿಕೆಗೆ ಬರೋಣ.

ಗಂಗೋತ್ರಿ ಹಿಮನದಿ 1780ರ ಸುಮಾರಿನಿಂದಲೂ ಹಿಂದೆ ಸರಿಯುತ್ತಿದೆ, 1971ರ ನಂತರ ಸರಿಯುವ ವೇಗ ಹೆಚ್ಚಿದೆ. 1996ರಿಂದ 1999ರ ನಡುವೆ 76 ಮೀಟರ್ ಸರಿಯಿತೆಂದು ಅಮೆರಿಕದ ನಾಸಾ ಉಪಗ್ರಹ ಚಿತ್ರಗಳ ಜತೆ ಪ್ರಕಟಿಸಿದ ಲೆಕ್ಕ ಹೇಳುತ್ತದೆ. ಕಠ್ಮಂಡುವಿನಲ್ಲಿರುವ ಐಸಿಮೋಡ್ ಎಂಬ ಪರ್ವತ ಅಧ್ಯಯನ ಸಂಸ್ಥೆಯ 2023ರ ವರದಿಯ ಪ್ರಕಾರ ಹಿಂದೂಕುಶ್–ಹಿಮಾಲಯದ ಹಿಮನದಿಗಳು 2010ರ ದಶಕದಲ್ಲಿ ಅದರ ಹಿಂದಿನ ದಶಕಕ್ಕಿಂತ ಶೇ 65ರಷ್ಟು ಹೆಚ್ಚು ವೇಗವಾಗಿ ಕರಗಿವೆ. ವಿಶ್ವಸಂಸ್ಥೆ 2025ನ್ನು ಹಿಮನದಿಗಳ ಸಂರಕ್ಷಣೆಯ ವರ್ಷವೆಂದು ಕರೆಯಿತು.

ಹಾಗಾದರೆ ಭಾಗೀರಥಿಯಲ್ಲಿ ನೀರು ಕಡಿಮೆಯಾಗುತ್ತಾ ಹೋಗಬೇಕಲ್ಲವೇ? ಇಲ್ಲ, ಮೊದಲು ಹೆಚ್ಚಾಗುತ್ತದೆ. ಹಿಮನದಿ ಅಂದರೆ ಒಂದು ಇಡುಗಂಟು. ಪ್ರತಿ ವರ್ಷ ಬೀಳುವ ಹಿಮ ಅದಕ್ಕೆ ಸೇರುವ ಬಡ್ಡಿ. ಬಡ್ಡಿಯಷ್ಟೇ ಕರಗುತ್ತಿದ್ದರೆ ಗಂಟು ಉಳಿಯುತ್ತದೆ. ಬಿಸಿ ಏರಿ ಗಂಟಿಗೇ ಕೈ ಬಿದ್ದಾಗ ಖರ್ಚಿಗೆ ಸಿಗುವ ಹಣ ಕೆಲವು ಕಾಲ ಹೆಚ್ಚೇ ಇರುತ್ತದೆ. ಆಮೇಲೆ ಒಂದು ಶಿಖರ ಮುಟ್ಟಿ ಹರಿವು ಇಳಿಯತೊಡಗುತ್ತದೆ. ಮಂಜುಗಡ್ಡೆಯ ವಿಸ್ತಾರವೇ ಕುಗ್ಗಿದ ಮೇಲೆ ಎಷ್ಟೇ ಬಿಸಿಲು ಬಿದ್ದರೂ ಕರಗಲು ಉಳಿದಿರಬೇಕಲ್ಲ. ಹಿಮಾಲಯದ ದೊಡ್ಡ ಜಲಾನಯನಗಳಲ್ಲಿ ಈ ಶಿಖರ ಈ ಶತಮಾನದ ನಡುಭಾಗದ ಆಸುಪಾಸಿನಲ್ಲಿ ಬರಬಹುದೆಂದು ವಿಜ್ಞಾನಿಗಳ ಅಂದಾಜು. ಸಣ್ಣ ಹಿಮನದಿಗಳಿಗೆ ಅದು ಇನ್ನೂ ಬೇಗ.

ಇದನ್ನು ಅರ್ಥ ಮಾಡಿಕೊಳ್ಳಲು ಕೋಲಾರ–ಚಿಕ್ಕಬಳ್ಳಾಪುರದ ರೈತರಿಗೆ ಹಿಮಾಲಯದ ಉದಾಹರಣೆ ಬೇಕಿಲ್ಲ. ಎಂಬತ್ತು, ತೊಂಬತ್ತರ ದಶಕಗಳನ್ನು ನೆನೆಸಿಕೊಂಡರೆ ಸಾಕು. ಕಪಿಲೆ ಬಾವಿಗಳು ಬತ್ತಿದವು, ಬೋರ್‌ವೆಲ್ ಲಾರಿಗಳು ಬಂದವು. ಇನ್ನೂರು ಮುನ್ನೂರು ಅಡಿಗೆ ಎರಡು ಇಂಚು, ಮೂರು ಇಂಚು ನೀರು. ಹಿಪ್ಪುನೇರಳೆ, ದ್ರಾಕ್ಷಿ, ಆಲೂಗೆಡ್ಡೆ, ಟೊಮೆಟೊ. ಶಿಡ್ಲಘಟ್ಟದ ರೇಷ್ಮೆ ಮಾರುಕಟ್ಟೆ, ಕೋಲಾರದ ಟೊಮೆಟೊ ಮಂಡಿ, ಎಲ್ಲದರ ಬೆನ್ನಿಗೂ ಆ ನೀರಿತ್ತು. ನದಿಯಿಲ್ಲದ ಜಿಲ್ಲೆ ಹಸಿರಾಯಿತು. ನೀರು ಹೆಚ್ಚಾಗಿದೆ ಎಂದೇ ಎಲ್ಲರೂ ತಿಳಿದರು. ಹೆಚ್ಚಾದದ್ದು ನೀರಲ್ಲ, ಎತ್ತುವ ವೇಗ. ಬಂಡೆಯ ಬಿರುಕುಗಳಲ್ಲಿ ಬಹುಕಾಲದಿಂದ ಕೂತಿದ್ದ ನೀರನ್ನು ಒಂದೆರಡು ತಲೆಮಾರು ಸೇರಿ ಮೇಲೆತ್ತಿದೆವು. ನಂತರ ಎಂಟುನೂರು, ಸಾವಿರ, ಸಾವಿರದ ಐನೂರು ಅಡಿ. ಪಾಯಿಂಟ್ ನೋಡುವವರ ದರ ಏರಿತು, ಫೇಲಾದ ಬೋರ್‌ಗಳ ಸಾಲ ಏರಿತು, ಆಳದ ನೀರಿನ ಜತೆ ಫ್ಲೋರೈಡ್ ಬಂತು. ಕೇಂದ್ರ ಅಂತರ್ಜಲ ಮಂಡಳಿಯ ಪಟ್ಟಿಯಲ್ಲಿ ಈ ಎರಡೂ ಜಿಲ್ಲೆಗಳ ತಾಲ್ಲೂಕುಗಳು ಅತಿಬಳಕೆಯ ಗುಂಪಿನಲ್ಲಿ ಕೂತು ವರ್ಷಗಳಾದವು.

ಗಂಗೋತ್ರಿಯ ದಂಡೆಯಲ್ಲಿ ನಿಂತು "ಏನು ನೀರು!" ಎಂದು ಬೆರಗಾಗುವಾಗ ನಾವು ನೋಡುತ್ತಿರುವುದು 1990ರ ಕೋಲಾರವನ್ನು. ಒಂದು ದೊಡ್ಡ ವ್ಯತ್ಯಾಸವೂ ಇದೆ. ಇಲ್ಲಿ ಪಂಪ್ ಒತ್ತಿದವರು ನಾವೇ. ಅಲ್ಲಿ ಗಂಟು ಕರಗಿಸುತ್ತಿರುವವರು ಸಾವಿರಾರು ಮೈಲಿ ದೂರದಲ್ಲಿ ಕಲ್ಲಿದ್ದಲು, ಪೆಟ್ರೋಲ್ ಸುಡುವವರೂ ಹೌದು; ಹರ್ಸಿಲ್‌ನ ಸೇಬು ಬೆಳೆಗಾರನ ಪಾಲು ಅದರಲ್ಲಿ ನಗಣ್ಯ.

ಹೊಳೆಯ ಪಕ್ಕದ ಬಾಯಾರಿಕೆ

ಹೊಳೆ ಕೊಳ್ಳದ ತಳದಲ್ಲಿ, ಊರುಗಳು ನೂರಾರು ಮೀಟರ್ ಮೇಲೆ. ಉತ್ತರಾಖಂಡದ ಬಹುಪಾಲು ಹಳ್ಳಿಗಳು ಕುಡಿಯುವುದು ಹಿಮನದಿಯ ನೀರನ್ನಲ್ಲ, ಬೆಟ್ಟದ ಒರತೆಯನ್ನು. ಅಲ್ಲಿ ಅವನ್ನು ನೌಲಾ, ಧಾರಾ ಎನ್ನುತ್ತಾರೆ. ಹಿಮಾಲಯ ಪ್ರದೇಶದ ಒರತೆಗಳಲ್ಲಿ ಅರ್ಧದಷ್ಟು ಬತ್ತುವ ಹಾದಿಯಲ್ಲಿವೆ ಎಂದು ನೀತಿ ಆಯೋಗದ 2018ರ ವರದಿ ಹೇಳಿತ್ತು. ಭಾಗೀರಥಿ ಕೆಳಗೆ ಭೋರ್ಗರೆಯುತ್ತಿದ್ದರೂ ಮೇಲಿನ ಊರಿನ ಹೆಂಗಸರು ಕೊಡ ಹೊತ್ತು ನಡೆಯುವುದು ಇದರಿಂದ.

ಕೋಲಾರದ ಶತಶೃಂಗ ಬೆಟ್ಟದ ಅಂತರಗಂಗೆಯಲ್ಲಿ ಕಲ್ಲಿನ ಬಸವನ ಬಾಯಿಂದ ಬೀಳುವ ನೀರೂ ಇಂಥದ್ದೇ. ಕಾಶಿಯಿಂದ ನೆಲದಡಿ ಬರುವ ಗಂಗೆ ಎಂಬ ನಂಬಿಕೆ ಹಳೆಯದು. ವಿಜ್ಞಾನದ ಉತ್ತರ ಹತ್ತಿರದ್ದು: ಬೆಟ್ಟದ ಮೇಲೆ ಬಿದ್ದ ಮಳೆ ಬಿರುಕುಗಳಲ್ಲಿ ಇಳಿದು, ತಡೆದು, ನಿಧಾನವಾಗಿ ಆಚೆ ಬರುತ್ತದೆ. ತುಮಕೂರು ಜಿಲ್ಲೆಯ ಮಧುಗಿರಿ, ಕೊರಟಗೆರೆ ಕಡೆಯ ತಲಪರಿಗೆಗಳದ್ದೂ ಇದೇ ತತ್ವ. ಹಳ್ಳದ ಮರಳಿನಲ್ಲಿ, ಕೆರೆಯ ಹಿಂದುಮುಂದಿನ ತಗ್ಗಿನಲ್ಲಿ ತೋಡಿದ ಹೊಂಡಕ್ಕೆ ತಾನಾಗಿ ನೀರು ಊರುತ್ತಿತ್ತು. ಊರವರು ಸೇರಿ ಹೂಳೆತ್ತುತ್ತಿದ್ದರು, ಸರದಿಯ ಮೇಲೆ ಕಾಲುವೆಗೆ ಬಿಡುತ್ತಿದ್ದರು. ಬೋರ್‌ವೆಲ್ ಆಳಕ್ಕಿಳಿದಂತೆ ಬಹಳಷ್ಟು ತಲಪರಿಗೆಗಳು ಸತ್ತವು. ಮಂಜುಗಡ್ಡೆ ಇಲ್ಲದ ಸೀಮೆ ಬೇಸಿಗೆಯವರೆಗೆ ನೀರನ್ನು ತಡೆದಿಡಲು ಮಾಡಿಕೊಂಡ ಏರ್ಪಾಡುಗಳು ಇವು. ಹಳೆಯ ಕೋಲಾರ ಜಿಲ್ಲೆಯೊಂದರಲ್ಲೇ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದದ್ದು ಯಾರ ಶೋಕಿಗೂ ಅಲ್ಲ.

ಯಾವ ತಿಂಗಳ ನೀರು?

ದೇವಪ್ರಯಾಗದಲ್ಲಿ ಅಲಕನಂದೆ ಸೇರಿದ ಮೇಲೆ ಹೊಳೆಗೆ ಗಂಗೆಯೆಂಬ ಹೆಸರು. ಅಲ್ಲಿ ವರ್ಷದ ಒಟ್ಟು ಹರಿವಿನಲ್ಲಿ ಹಿಮ ಮತ್ತು ಹಿಮನದಿ ಕರಗಿದ ನೀರಿನ ಪಾಲು ಮೂರನೇ ಒಂದಕ್ಕಿಂತ ಸ್ವಲ್ಪ ಕಡಿಮೆ ಎಂಬ ಅಂದಾಜಿದೆ. ಕೆಳಗೆ ಹೋದಂತೆ ಮಳೆಯ ಪಾಲು ಹೆಚ್ಚುತ್ತಾ ಹೋಗಿ, ಪಟ್ನಾದ ಹೊತ್ತಿಗೆ ಗಂಗೆ ಮುಖ್ಯವಾಗಿ ಮುಂಗಾರಿನ ನದಿ. ಅಂದರೆ ಕೆ.ಎಲ್. ರಾವ್ ಅವರ ಕಾಲುವೆ ಹೊರಡಬೇಕಿದ್ದ ಜಾಗದಲ್ಲಿ ಇರುವುದು ಯಾತ್ರಿಕರು ಕಂಡ ಬಿಸಿಲಿನ ನೀರಲ್ಲ. ಅಲ್ಲಿ ಹೆಚ್ಚುವರಿ ನೀರು ಸಿಗುವುದು ಜುಲೈ–ಅಕ್ಟೋಬರ್‌ನಲ್ಲಿ, ನಮ್ಮ ಕೆರೆಗಳಿಗೂ ಮಳೆ ಬರುವ ತಿಂಗಳುಗಳಲ್ಲೇ. ಮೇ ತಿಂಗಳಲ್ಲಿ ಬಿಹಾರದವರಿಗೂ ಅದರ ಪ್ರತಿ ಹನಿ ಬೇಕು.

ಈಗ ನಮ್ಮ ಬಯಲುಸೀಮೆಯ ಜಿಲ್ಲೆಗಳಿಗೆ ನಿಜಕ್ಕೂ ಬರುತ್ತಿರುವ, ಬರಲಿರುವ ನೀರನ್ನು ಇದೇ ಪ್ರಶ್ನೆಯಿಂದ ಅಳೆಯಬಹುದು. 2018ರಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂದ ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ನೀರು, ಆಮೇಲೆ ಚಿಕ್ಕಬಳ್ಳಾಪುರದ ಕಡೆಗೆ ಬಂದ ಎಚ್.ಎನ್. (ಹೆಬ್ಬಾಳ–ನಾಗವಾರ) ವ್ಯಾಲಿ ನೀರು, ಎರಡೂ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ. ಮಳೆ ಬರಲಿ ಬಿಡಲಿ, ಮಹಾನಗರ ಸ್ನಾನ ಮಾಡುವವರೆಗೆ ಅದು ಬರುತ್ತದೆ. ವಿಚಿತ್ರವೆಂದರೂ ಸರಿ, ಈ ಸೀಮೆಗೆ ಸಿಕ್ಕಿರುವ ವರ್ಷವಿಡೀ ಹರಿಯುವ ಹೊಳೆ ಇದೊಂದೇ. ಮೂರನೇ ಹಂತದ ಶುದ್ಧೀಕರಣ ಮಾಡಿ ಕೊಡಿ ಎಂದು ರೈತ ಸಂಘಟನೆಗಳು ಕೇಳುತ್ತಿರುವುದು ನ್ಯಾಯವೇ. ಬತ್ತದ ಹೊಳೆ ಸಿಕ್ಕಿತೆಂದು ಅದರ ಗುಣಮಟ್ಟ ಕೇಳದಿರಲು ಆಗುವುದಿಲ್ಲ.

ಎತ್ತಿನಹೊಳೆಯ ಲೆಕ್ಕ ಬೇರೆ. 24.01 ಟಿಎಂಸಿ ಎಂದು ಕಾಗದದ ಮೇಲಿರುವ, 23 ಸಾವಿರ ಕೋಟಿ ರೂಪಾಯಿ ದಾಟಿದ ಈ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಉದ್ಘಾಟನೆಯಾಯಿತು. ಸಕಲೇಶಪುರದ ಹಳ್ಳಗಳಿಂದ ನೀರೆತ್ತಲು ಆಗುವುದು ಮುಂಗಾರಿನ ತಿಂಗಳುಗಳಲ್ಲಿ ಮಾತ್ರ. ಆ ಹಳ್ಳಗಳ ಹಿಂದೆ ಹಿಮನದಿ ಇಲ್ಲ, ಇರುವುದು ಶೋಲಾ ಕಾಡು ಮತ್ತು ಹುಲ್ಲುಗಾವಲು. ಹಾಗಾದರೆ ಬಂದ ನೀರನ್ನು ಉಳಿದ ತಿಂಗಳುಗಳಿಗೆ ಎಲ್ಲಿಡುವುದು? ಕೊರಟಗೆರೆ ತಾಲ್ಲೂಕಿನ ಬೈರಗೊಂಡ್ಲುವಿನಲ್ಲಿ ಜಲಾಶಯ ಎಂಬುದು ಮೂಲ ಯೋಜನೆಯ ಉತ್ತರವಾಗಿತ್ತು. ಕೊರಟಗೆರೆಯ ರೈತರಿಗೆ ಒಂದು ಪರಿಹಾರ, ಪಕ್ಕದ ದೊಡ್ಡಬಳ್ಳಾಪುರದವರಿಗೆ ಇನ್ನೊಂದು ಎಂಬ ತಕರಾರಿನಲ್ಲಿ ಆ ಜಲಾಶಯ ವರ್ಷಗಟ್ಟಲೆ ಸಿಕ್ಕಿಬಿತ್ತು. ಕಾಲುವೆ, ಪಂಪ್‌ಹೌಸ್‌ಗಳ ಉದ್ಘಾಟನೆಯ ಫ್ಲೆಕ್ಸ್‌ಗಳಲ್ಲಿ ಈ ಭಾಗ ಕಾಣಿಸುವುದಿಲ್ಲ. ಮುಂದಿನ ಸಲ ಯಾರಾದರೂ ಗಂಗೆ ತರುತ್ತೇವೆ, ಪಶ್ಚಿಮಘಟ್ಟದ ನೀರು ತರುತ್ತೇವೆ ಎಂದು ವೇದಿಕೆ ಹತ್ತಿದರೆ ಎಷ್ಟು ಟಿಎಂಸಿ ಎಂದು ಕೇಳುವುದಕ್ಕೆ ಮೊದಲು ಕೇಳಬೇಕಾದ್ದು ಎರಡು: ಯಾವ ತಿಂಗಳಲ್ಲಿ ಬರುತ್ತದೆ, ಮೇ ತಿಂಗಳವರೆಗೆ ಅದನ್ನು ಯಾರ ಜಮೀನಿನಲ್ಲಿ ನಿಲ್ಲಿಸುತ್ತೀರಿ?